ವಿಯೆನ್ನಾದಲ್ಲಿ 1910ರಲ್ಲೂ 20 ಲಕ್ಷ ಜನ, ಈಗ್ಲೂ 20 ಲಕ್ಷ. ಮಧ್ಯದಲ್ಲಿ ಏನಾಯ್ತು?

ನಕ್ಷೆಪ್ರಿಯ:

ಎಲ್ರಿಗೂ ನಮಸ್ಕಾರ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ಬಗ್ಗೆ ಒಂದು ಡೌಟು, ಇಲ್ಲಿ ಯುರೋಪ್ ಹಿಸ್ಟರಿ ಚೆನ್ನಾಗಿ ಓದ್ಕೊಂಡಿರೋರು ಇದೀರಿ ಅಂತ ಕೇಳ್ತಿದೀನಿ. ಸೆನ್ಸಸ್ ಅಂಕಿ ನೋಡಿದ್ರೆ 1910ರಲ್ಲಿ ಆ ಊರಲ್ಲಿ 20 ಲಕ್ಷಕ್ಕಿಂತ ಜಾಸ್ತಿ ಜನ, ಆಮೇಲೆ ಇಳೀತಾ ಇಳೀತಾ 1981ಕ್ಕೆ 15 ಲಕ್ಷದ 31 ಸಾವಿರಕ್ಕೆ ಬಂದು, ತಿರುಗಾ ಏರಿ 2023ರಲ್ಲಿ ಮತ್ತೆ 20 ಲಕ್ಷ ದಾಟಿದೆ. ರಾಜಧಾನಿ ಅಂದ್ಮೇಲೆ ಬೆಳೀತಾನೇ ಹೋಗ್ಬೇಕಲ್ವಾ, ಇದೊಂದು ಊರು ಮಾತ್ರ 110 ವರ್ಷ ಆದ್ಮೇಲೆ ಹೊರಟ ಜಾಗಕ್ಕೇ ಬಂದು ನಿಂತಿದೆ. ಯುದ್ಧದಲ್ಲಿ ಸತ್ರು ಅನ್ನೋದು ಒಂದೇ ಕಾರಣಾನಾ? ಎರಡು ಮಹಾಯುದ್ಧ ಬೇರೆ ಊರುಗಳೂ ನೋಡಿವೆ, ಅವು ಬೇಗ ಚೇತರಿಸ್ಕೊಂಡ್ವು.

ಇನ್ನೊಂದು ಪ್ರಶ್ನೆ, ಅಲ್ಲಿ 1919ರಿಂದ ಫ್ರೀ ಎಲೆಕ್ಷನ್ ನಡೆದಾಗೆಲ್ಲಾ ಒಂದೇ ಪಾರ್ಟಿ, ಸೋಷಿಯಲ್ ಡೆಮೊಕ್ರಾಟ್ಸ್, ಮೊದಲನೇ ಸ್ಥಾನದಲ್ಲಿದೆ ಅಂತ ಓದ್ದೆ. ಜನ ಇಷ್ಟೊಂದು ಬದಲಾದ್ರೂ ಪಾರ್ಟಿ ಬದಲಾಗ್ಲಿಲ್ಲ ಅಂದ್ರೆ ಹೇಗೆ? ಡ್ಯಾನ್ಯೂಬ್ ನದಿಗೂ ಈ ಜನಸಂಖ್ಯೆ ಕಥೆಗೂ ಏನಾದ್ರೂ ಸಂಬಂಧ ಇದ್ರೆ ಅದನ್ನೂ ಹೇಳಿ.

ಹಳೇಗೆಜೆಟಿಯರ್:

ನಕ್ಷೆಪ್ರಿಯ ಅವ್ರೇ, ಇಳಿದಿದ್ದು ಯಾಕೆ ಅಂತ ಕೇಳೋಕೆ ಮುಂಚೆ 20 ಲಕ್ಷಕ್ಕೆ ಏರಿದ್ದು ಹೇಗೆ ಅಂತ ನೋಡ್ಬೇಕು, ಉತ್ತರದ ಅರ್ಧ ಅಲ್ಲೇ ಇದೆ. 1850ರಲ್ಲಿ ಕೋಟೆ ಹೊರಗಿನ ಪೇಟೆಗಳನ್ನ ಊರಿಗೆ ಸೇರಿಸ್ಕೊಂಡ್ರು, 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಕೋಟೆ ಗೋಡೆ ಕೆಡವೋಕೆ ಅಪ್ಪಣೆ ಕೊಟ್ಟ, ಆ ಖಾಲಿ ಜಾಗದಲ್ಲಿ ರಿಂಗ್‌ಸ್ಟ್ರಾಸೆ ಅನ್ನೋ ದೊಡ್ಡ ವರ್ತುಲ ರಸ್ತೆ, ಒಪೆರಾ, ಪಾರ್ಲಿಮೆಂಟು, ಯೂನಿವರ್ಸಿಟಿ ಎಲ್ಲಾ ಬಂದ್ವು. 1892ರಲ್ಲಿ ಇನ್ನೂ ಆಚೆಯ ಹಳ್ಳಿಗಳು ಸೇರಿದ್ವು, 20ನೇ ಶತಮಾನದ ಶುರುವಲ್ಲಿ ನದಿ ಆಚೆ ದಡದ ಫ್ಲೋರಿಡ್ಸ್‌ಡಾರ್ಫ್ ಕೂಡ.

ಆದ್ರೆ ಗಡಿ ದೊಡ್ಡದಾಗಿದ್ದಕ್ಕಿಂತ ಮುಖ್ಯ, ಜನ ಬಂದಿದ್ದು. ವಿಯೆನ್ನಾದಿಂದ ಆಳ್ತಿದ್ದ ಹ್ಯಾಬ್ಸ್‌ಬರ್ಗ್ ರಾಜವಂಶದ ಸಾಮ್ರಾಜ್ಯದಲ್ಲಿ 5 ಕೋಟಿ ಜನ, ಬೊಹೀಮಿಯಾ, ಮೊರಾವಿಯಾ, ಗಲೀಷಿಯಾ, ಹಂಗೇರಿ, ಎಲ್ಲಾ ಕಡೆಯಿಂದ ರೈಲು ಹತ್ತಿ ಬರ್ತಾ ಇದ್ರು. ಸಾಮ್ರಾಜ್ಯದ ಕೊನೇ ದಶಕಗಳಲ್ಲಿ ಊರಲ್ಲಿದ್ದೋರ ಪೈಕಿ ಸುಮಾರು ಅರ್ಧ ಜನ ವಿಯೆನ್ನಾದಲ್ಲಿ ಹುಟ್ಟಿದೋರೇ ಅಲ್ಲ. ಆ ರಿಂಗ್‌ಸ್ಟ್ರಾಸೆ ಬಿಲ್ಡಿಂಗುಗಳಿಗೆ ಬೇಕಾದ ಇಟ್ಟಿಗೆ ಊರಿನ ದಕ್ಷಿಣಕ್ಕಿರೋ ವೀನರ್‌ಬರ್ಗ್ ಗೂಡುಗಳಿಂದ ಬರ್ತಿತ್ತು, ಅಲ್ಲಿ ಕೆಲಸ ಮಾಡ್ತಿದ್ದೋರು ಬಹುಪಾಲು ಚೆಕ್ ಕೂಲಿಗಳು. 1888ರಲ್ಲಿ ವಿಕ್ಟರ್ ಆಡ್ಲರ್ ಅನ್ನೋ ಡಾಕ್ಟ್ರು ಅಲ್ಲಿಗೆ ಗುಟ್ಟಾಗಿ ನುಗ್ಗಿ ನೋಡಿ ಬರೆದ ವರದಿ ಓದಿದ್ರೆ ಹೊಟ್ಟೆ ಕಿವುಚುತ್ತೆ. ಕೂಲಿಯನ್ನ ದುಡ್ಡಲ್ಲಿ ಕೊಡ್ತಿರ್ಲಿಲ್ಲ, ತಗಡಿನ ಬಿಲ್ಲೆ ಕೊಡೋರು, ಆ ಬಿಲ್ಲೆ ಕಂಪನಿ ಒಳಗಿನ ಅಂಗಡಿ ಬಿಟ್ಟು ಇನ್ನೆಲ್ಲೂ ನಡೀತಿರ್ಲಿಲ್ಲ, ಆ ಅಂಗಡಿಯಲ್ಲಿ ರೇಟು ಹೊರಗಿಗಿಂತ ಜಾಸ್ತಿ. ಮಲಗೋದು ಗುಂಪುಗುಂಪಾಗಿ ಹುಲ್ಲಿನ ಮೇಲೆ, ಇಲ್ಲಾಂದ್ರೆ ಗೂಡಿನ ಶಾಖಕ್ಕೆ ಅಲ್ಲೇ ಬಿದ್ಕೊಳ್ಳೋದು. ಇದೇ ಆಡ್ಲರ್ ಆಮೇಲೆ ಸೋಷಿಯಲ್ ಡೆಮೊಕ್ರಾಟ್ ಪಾರ್ಟಿಯನ್ನ ಒಟ್ಟುಗೂಡಿಸಿದೋರು, ನಿಮ್ಮ ಎರಡನೇ ಪ್ರಶ್ನೆಯ ಬೇರು ಇಲ್ಲೇ ಇದೆ.

ಊರೊಳಗೆ ಇನ್ನೊಂದು ಥರ ಜನ ಇದ್ರು, ರೂಮು ಬಾಡಿಗೆಗೆ ಹಿಡಿಯೋ ಶಕ್ತಿ ಇಲ್ದೇ ಬರೀ ಹಾಸಿಗೆ ಬಾಡಿಗೆಗೆ ಹಿಡಿಯೋರು. ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಮಲಗ್ತಾನೆ, ಹಗಲು ದುಡಿದವನು ಅದೇ ಹಾಸಿಗೆಯಲ್ಲಿ ರಾತ್ರಿ ಮಲಗ್ತಾನೆ. ಸೆನ್ಸಸ್‌ನಲ್ಲಿ ಇಂಥೋರ್ನ ಬೇರೆ ಲೆಕ್ಕವಾಗೇ ಬರ್ಕೊಳ್ತಿದ್ರು, ಸಂಖ್ಯೆ ಹತ್ತಾರು ಸಾವಿರ. ಅಂದ್ರೆ 1910ರ 20 ಲಕ್ಷ ಅನ್ನೋದು ಚೆನ್ನಾಗಿ ಬದುಕ್ತಿದ್ದ 20 ಲಕ್ಷ ಜನ ಅಂತ ದಯವಿಟ್ಟು ಓದ್ಬೇಡಿ.

ಇದರ ಜೊತೆಗೆ ರಾಜಕೀಯ. ಸಿಟಿ ಕೌನ್ಸಿಲ್‌ಗೆ ವೋಟು ಹಾಕೋಕೆ ತೆರಿಗೆ ಕಟ್ಟಿರ್ಬೇಕಿತ್ತು, 1885ರಲ್ಲಿ ಆ ಮಿತಿಯನ್ನ 5 ಗುಲ್ಡನ್‌ಗೆ ಇಳಿಸಿದಾಗ ಸಣ್ಣ ಅಂಗಡಿಯೋರು, ಕುಶಲಕರ್ಮಿಗಳು ಒಳಗೆ ಬಂದ್ರು, ಕೂಲಿಗಳು ಹೊರಗೇ ಉಳಿದ್ರು. ಈ ಸಣ್ಣ ವ್ಯಾಪಾರಿಗಳ ವೋಟಿನ ಮೇಲೇ ಕಾರ್ಲ್ ಲುಯೇಗರ್ 1897ರಲ್ಲಿ ಮೇಯರ್ ಆದ, ಕೌನ್ಸಿಲ್ ಮತ್ತೆ ಮತ್ತೆ ಆರಿಸಿ ಕಳಿಸಿದ್ರೂ ಚಕ್ರವರ್ತಿ ಒಪ್ಪದೇ ಎರಡು ವರ್ಷ ತಡೆದಿದ್ದ. ಗ್ಯಾಸ್, ಕರೆಂಟು, ಟ್ರಾಮು ಎಲ್ಲಾ ಖಾಸಗಿಯವರ ಕೈಯಿಂದ ಊರಿನ ಕೈಗೆ ತಂದಿದ್ದು, ಆಲ್ಪ್ಸ್ ಬೆಟ್ಟದಿಂದ ಎರಡನೇ ನೀರಿನ ಕಾಲುವೆ ತಂದಿದ್ದು (1910ರಲ್ಲಿ ಮುಗೀತು) ಅವನ ಕಾಲದಲ್ಲೇ. ಅದೇ ಲುಯೇಗರ್ ಯಹೂದಿ ದ್ವೇಷವನ್ನ ಎಲೆಕ್ಷನ್ ಗೆಲ್ಲೋ ಅಸ್ತ್ರ ಮಾಡ್ಕೊಂಡ, ಹೊಸದಾಗಿ ಊರಿನ ಪೌರರಾಗೋರು ಊರಿನ ಜರ್ಮನ್ ಸ್ವರೂಪ ಕಾಪಾಡ್ತೀವಿ ಅಂತ ಪ್ರಮಾಣ ಮಾಡ್ಬೇಕು ಅನ್ನೋ ನಿಯಮ ತಂದ. ಹಾಗಾಗಿ ಸೆನ್ಸಸ್‌ನಲ್ಲಿ ದಿನಬಳಕೆ ಭಾಷೆ ಕಾಲಂನಲ್ಲಿ ಚೆಕ್ ಅಂತ ಬರೆಸೋಕೆ ಜನ ಹೆದರೋರು, 1900ರಲ್ಲಿ ಹಾಗೆ ಬರೆಸಿದೋರು ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು ಅಂತ ಇತಿಹಾಸಕಾರರು ಹೇಳ್ತಾರೆ. ಇವತ್ತಿಗೂ ವಿಯೆನ್ನಾದ ಮನೆಗಳ ಬೆಲ್ ಪಕ್ಕದ ಹೆಸರು ನೋಡಿ, ನೊವಾಕ್, ಸ್ವೊಬೊಡಾ, ದ್ವೊರ್ಝಾಕ್, ಪ್ರೊಹಾಸ್ಕಾ ಸಾಲುಸಾಲು ಸಿಗ್ತವೆ.

1918ರಲ್ಲಿ ಸಾಮ್ರಾಜ್ಯ ಬಿತ್ತು. 5 ಕೋಟಿ ಜನರ ದೇಶಕ್ಕೆ ಅಂತ ಕಟ್ಟಿದ ರಾಜಧಾನಿ 65 ಲಕ್ಷ ಜನರ ಪುಟ್ಟ ದೇಶಕ್ಕೆ ಉಳೀತು, ಒಂದು ಸಣ್ಣ ಕುಟುಂಬದ ತಲೆ ಮೇಲೆ ಅರಮನೆ ಬಂದು ಕೂತ ಹಾಗೆ. ಕಲ್ಲಿದ್ದಲು ಬರ್ತಿದ್ದ ಬೊಹೀಮಿಯಾ ಈಗ ಬೇರೆ ದೇಶ, ಗೋಧಿ ಬರ್ತಿದ್ದ ಹಂಗೇರಿ ಬೇರೆ ದೇಶ. ಆ ಚಳಿಗಾಲದಲ್ಲಿ ಜನ ವಿಯೆನ್ನಾ ಕಾಡಿಗೆ ಹೋಗಿ ಮರ ಕಡಿದು ಹೊತ್ಕೊಂಡು ಬಂದು ಒಲೆ ಹಚ್ಚಿದ್ರು. ಚೆಕ್ ಜನ ದೊಡ್ಡ ಸಂಖ್ಯೆಯಲ್ಲಿ ಹೊಸ ಚೆಕೊಸ್ಲೊವಾಕಿಯಾಕ್ಕೆ ವಾಪಸ್ ಹೋದ್ರು. ಇಳಿಕೆ ಶುರುವಾಗಿದ್ದು ಇಲ್ಲಿಂದ, ನನ್ನ ಪ್ರಕಾರ ಮುಖ್ಯ ಕಾರಣಾನೂ ಇದೇ.

ಸುಮಾ_ಓದು:

ಗೆಜೆಟಿಯರ್ ಸರ್, ತುಂಬಾ ಚೆನ್ನಾಗಿ ಬರ್ದಿದೀರಿ, ಆದ್ರೆ ಕೊನೇ ಸಾಲು ನಾನು ಒಪ್ಪಲ್ಲ. ಅಂಕಿ ಹಾಗೆ ಹೇಳಲ್ಲ. ಈಗಿನ ಗಡಿ ಒಳಗೇ ಲೆಕ್ಕ ಹಾಕಿದ್ರೆ 1923ರಲ್ಲಿ 19 ಲಕ್ಷದ ಆಸುಪಾಸು, 1934ರಲ್ಲೂ 19 ಲಕ್ಷಕ್ಕಿಂತ ಮೇಲೇ. ಅಂದ್ರೆ ಸಾಮ್ರಾಜ್ಯ ಬಿದ್ದ ಏಟಿಗೆ ಒಂದೂವರೆ ಲಕ್ಷ ಚಿಲ್ಲರೆ ಹೋಯ್ತು, ಆಮೇಲೆ ನಿಂತ್ಕೊಂತು. 1951ರ ಸೆನ್ಸಸ್ ನೋಡಿ, 16 ಲಕ್ಷದ 16 ಸಾವಿರ. ದೊಡ್ಡ ಹಳ್ಳ ಇರೋದು 1934ಕ್ಕೂ 1951ಕ್ಕೂ ಮಧ್ಯೆ, ಮೂರು ಲಕ್ಷ ಜನ. ಆ ಹಳ್ಳದ ಬಗ್ಗೆ ಯುದ್ಧ ಅಂತ ಒಂದೇ ಪದ ಹೇಳಿ ಮುಂದೆ ಹೋಗ್ಬಾರ್ದು.

1923ರಲ್ಲಿ ವಿಯೆನ್ನಾದಲ್ಲಿ ಯಹೂದಿಗಳು 2 ಲಕ್ಷ, ಊರಿನ ಹತ್ತರಲ್ಲೊಂದು ಭಾಗ. ಡಾಕ್ಟರ್‌ಗಳು, ಲಾಯರ್‌ಗಳು, ಪತ್ರಕರ್ತರು ಅಂತ ಹೆಸರಾದೋರು ನಮ್ಗೆ ಗೊತ್ತು, ಆದ್ರೆ ಲಿಯೋಪೋಲ್ಡ್‌ಸ್ಟಾಟ್ ಅನ್ನೋ ಜಿಲ್ಲೆ ಕಡೆ ಇದ್ದೋರು ಬಹಳಷ್ಟು ಜನ ದರ್ಜಿಗಳು, ಬೀದಿ ವ್ಯಾಪಾರಿಗಳು, ಮೊದಲನೇ ಮಹಾಯುದ್ಧದಲ್ಲಿ ಗಲೀಷಿಯಾದಿಂದ ಓಡಿ ಬಂದ ಬಡವರು. 1938ರ ಮಾರ್ಚ್ 12ಕ್ಕೆ ಜರ್ಮನ್ ಸೈನ್ಯ ಗಡಿ ದಾಟಿತು, 15ಕ್ಕೆ ಹಿಟ್ಲರ್ ಹೆಲ್ಡನ್‌ಪ್ಲಾಟ್ಸ್‌ನಲ್ಲಿ ಭಾಷಣ ಮಾಡ್ದ, ಮೈದಾನ ತುಂಬಿ ತುಳುಕ್ತಿತ್ತು. ಆ ದಿನಗಳಲ್ಲೇ ಯಹೂದಿಗಳನ್ನ ಮನೆಯಿಂದ ಎಳ್ಕೊಂಡ್ ಬಂದು ಮೊಣಕಾಲೂರಿ ರಸ್ತೆ ಉಜ್ಜೋಕೆ ಕೂರಿಸಿದ್ರು, ಸುತ್ತ ನಿಂತು ನೋಡಿ ನಗ್ತಿದ್ದೋರು ಬರ್ಲಿನ್‌ನಿಂದ ಬಂದೋರಲ್ಲ, ಅದೇ ಬೀದಿಯ ಜನ. ಮನೆಗಳ ಕಥೆಯೂ ಹಾಗೇ, ಹತ್ತಾರು ಸಾವಿರ ಮನೆಗಳನ್ನ ಕಿತ್ಕೊಂಡು ಹಂಚ್ಕೊಂಡ್ರು, ಎಷ್ಟೋ ಕಡೆ ಸರ್ಕಾರದ ಆದೇಶ ಬರೋಕೆ ಮುಂಚೇನೇ ನೆರೆಹೊರೆಯೋರು ಒಳಗೆ ನುಗ್ಗಿದ್ರು. ಸುಮಾರು 1 ಲಕ್ಷದ 30 ಸಾವಿರ ಜನ ದೇಶ ಬಿಟ್ಟು ಹೋಗ್ಬೇಕಾಯ್ತು, ಆಸ್ಟ್ರಿಯಾದ 65 ಸಾವಿರಕ್ಕೂ ಹೆಚ್ಚು ಯಹೂದಿಗಳನ್ನ ಕೊಂದ್ರು, ಅವರಲ್ಲಿ ಹೆಚ್ಚಿನೋರು ವಿಯೆನ್ನಾದೋರೇ, ಆಸ್ಪಾಂಗ್ ಅನ್ನೋ ರೈಲ್ವೆ ಸ್ಟೇಷನ್‌ನಿಂದ ಕಳಿಸಲ್ಪಟ್ಟೋರು.

ಒಂದು ಜಾಗದ ಬಗ್ಗೆ ಹೇಳ್ಲೇಬೇಕು. ಹಳೇ ಊರಿನ ಸೈಟೆನ್‌ಸ್ಟೆಟೆನ್‌ಗಾಸೆ ಅನ್ನೋ ಓಣಿಯಲ್ಲಿ 1826ರಲ್ಲಿ ಕಟ್ಟಿದ ಸಿನಗಾಗ್ ಇದೆ. ಆಗಿನ ಕಾನೂನು ಪ್ರಕಾರ ಕ್ಯಾಥೊಲಿಕ್ ಚರ್ಚ್ ಬಿಟ್ಟು ಬೇರೆ ಯಾವ ಪ್ರಾರ್ಥನಾ ಮಂದಿರವೂ ರಸ್ತೆಗೆ ಮುಖ ಮಾಡಿ ಕಾಣಿಸೋ ಹಾಗಿರ್ಲಿಲ್ಲ, ಅದಕ್ಕೆ ಬಾಡಿಗೆ ಮನೆಗಳ ಸಾಲಿನ ಒಳಗೆ ಬಚ್ಚಿಟ್ಟ ಹಾಗೆ ಕಟ್ಟಿದ್ರು. 1938ರ ನವೆಂಬರ್‌ನಲ್ಲಿ ಊರಿನ ಸಿನಗಾಗ್‌ಗಳಿಗೆಲ್ಲಾ ಬೆಂಕಿ ಹಚ್ಚಿದಾಗ ಇದಕ್ಕೆ ಹಚ್ಚಿದ್ರೆ ಅಕ್ಕಪಕ್ಕದ ಮನೆಗಳೂ ಸುಟ್ಟು ಹೋಗ್ತವೆ ಅಂತ ಒಳಗೆ ಒಡೆದು ಹಾಕಿ ಬಿಟ್ಟು ಹೋದ್ರು. ಉಳಿದಿದ್ದು ಇದೊಂದೇ. ಇವತ್ತು ವಿಯೆನ್ನಾದ ಯಹೂದಿ ಸಮುದಾಯದಲ್ಲಿ ನೋಂದಾಯಿಸಿಕೊಂಡಿರೋರು ಸುಮಾರು 8 ಸಾವಿರ. ಊರಿನ ಒಟ್ಟು ಸಂಖ್ಯೆ 20 ಲಕ್ಷಕ್ಕೆ ವಾಪಸ್ ಬಂತು ಅಂದಾಗೆಲ್ಲಾ ನನಗೆ ಈ 2 ಲಕ್ಷ, 8 ಸಾವಿರ ಅನ್ನೋ ಲೆಕ್ಕವೇ ಕಣ್ಮುಂದೆ ಬರುತ್ತೆ. ಅದೇ ಸಂಖ್ಯೆ ಇರ್ಬಹುದು, ಅದೇ ಊರು ಅಂತ ನಾನಂತೂ ಹೇಳಲ್ಲ.

ಹಳೇಗೆಜೆಟಿಯರ್:

ಸುಮಾ ಮೇಡಂ, 1951ರ ಅಂಕಿ ಎದುರಿಗಿಟ್ಕೊಂಡು ನೋಡಿದ್ರೆ ನೀವು ಹೇಳೋದೇ ಸರಿ, ಒಪ್ತೀನಿ. ಒಂದು ಮಾತು ಮಾತ್ರ ಸೇರಿಸ್ತೀನಿ, 1938ರಲ್ಲಿ ನಾಜಿಗಳು ಸುತ್ತಲ 97 ಪಂಚಾಯ್ತಿಗಳನ್ನ ಸೇರಿಸಿ 26 ಜಿಲ್ಲೆಗಳ ಮಹಾ ವಿಯೆನ್ನಾ ಮಾಡಿದ್ರು, 1954ರಲ್ಲಿ ಬಹುಪಾಲು ವಾಪಸ್ ಕೊಟ್ಟು ಈಗಿನ 23 ಜಿಲ್ಲೆಗಳಾದ್ವು. ಹಾಗಾಗಿ ಆ ಮಧ್ಯದ ವರ್ಷಗಳ ಅಂಕಿ ಎಲ್ಲಾದ್ರೂ ಸಿಕ್ರೆ ಯಾವ ಗಡಿ ಅಂತ ನೋಡ್ಕೊಂಡೇ ಹೋಲಿಸಿ.

ಟ್ರಾಮ್_ಪ್ರಯಾಣಿಕ:

ಪಾರ್ಟಿ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ಇದು ನನ್ನ ಇಷ್ಟದ ವಿಷಯ. 1919ರ ಮೇ ತಿಂಗಳಲ್ಲಿ ಮೊದಲ ಸಲ ಗಂಡಸರು ಹೆಂಗಸರು ಎಲ್ರೂ ಸಿಟಿ ಎಲೆಕ್ಷನ್‌ನಲ್ಲಿ ವೋಟು ಹಾಕಿದ್ರು, ಸೋಷಿಯಲ್ ಡೆಮೊಕ್ರಾಟ್ಸ್‌ಗೆ ಪೂರ್ತಿ ಬಹುಮತ ಬಂತು, ಯಾಕೋಬ್ ರಾಯ್ಮನ್ ಮೇಯರ್ ಆದ್ರು. 1922ರಿಂದ ವಿಯೆನ್ನಾ ಪ್ರತ್ಯೇಕ ರಾಜ್ಯ ಆಯ್ತು, ಇದು ಚಿಕ್ಕ ವಿಷಯ ಅಲ್ಲ, ಯಾಕಂದ್ರೆ ರಾಜ್ಯ ಆದ್ಮೇಲೆ ಸ್ವಂತ ತೆರಿಗೆ ಹಾಕೋ ಅಧಿಕಾರ ಸಿಕ್ತು. ಹಣಕಾಸು ನೋಡ್ಕೊಳ್ತಿದ್ದ ಹ್ಯೂಗೋ ಬ್ರೈಟ್ನರ್ ಕಾರು, ರೇಸ್ ಕುದುರೆ, ಶಾಂಪೇನು, ಮನೆ ಆಳುಗಳು ಎಲ್ಲದ್ರ ಮೇಲೂ ತೆರಿಗೆ ಹಾಕಿದ್ರು, 1923ರಲ್ಲಿ ಮನೆ ಕಟ್ಟೋಕೆ ಅಂತಲೇ ಬೇರೆ ತೆರಿಗೆ ತಂದ್ರು, ದೊಡ್ಡ ಬಂಗಲೆಗೆ ಬಹಳ, ಕೂಲಿಯವನ ಒಂದು ರೂಮಿಗೆ ಅತ್ಯಲ್ಪ. ಆ ದುಡ್ಡಲ್ಲಿ ಹತ್ತೇ ವರ್ಷದಲ್ಲಿ 60 ಸಾವಿರಕ್ಕಿಂತ ಜಾಸ್ತಿ ಮನೆ ಕಟ್ಟಿದ್ರು. 1930ರಲ್ಲಿ ಉದ್ಘಾಟನೆ ಆದ ಕಾರ್ಲ್ ಮಾರ್ಕ್ಸ್ ಹೋಫ್ ಒಂದರಲ್ಲೇ 1,382 ಮನೆ, ಉದ್ದ ಒಂದು ಕಿಲೋಮೀಟರ್‌ಗೂ ಜಾಸ್ತಿ, ಒಳಗೆ ಬಟ್ಟೆ ಒಗೆಯೋ ಜಾಗ, ಸ್ನಾನದ ಮನೆ, ಶಿಶುವಿಹಾರ, ಲೈಬ್ರರಿ, ಹಲ್ಲಿನ ಡಾಕ್ಟ್ರು ಎಲ್ಲಾ ಇದ್ವು, ಜಾಗದ ಬಹುಪಾಲು ಖಾಲಿ ಬಿಟ್ಟು ಅಂಗಳದಲ್ಲಿ ಮರ ನೆಟ್ಟಿದ್ರು. ಹಾಸಿಗೆ ಪಾಳಿ ಮೇಲೆ ಮಲಗ್ತಿದ್ದ ಊರಲ್ಲಿ ಇದು ಎಷ್ಟು ದೊಡ್ಡ ಬದಲಾವಣೆ ಅಂತ ಯೋಚ್ನೆ ಮಾಡಿ. ಆಗ ಟಿಬಿಗೆ ಯುರೋಪಿನಲ್ಲಿ ವಿಯೆನ್ನಾ ಕಾಯಿಲೆ ಅಂತಲೇ ಹೆಸರಿತ್ತು, ಅದರ ವಿರುದ್ಧ ಯೂಲಿಯಸ್ ಟಾಂಡ್ಲರ್ ಅನ್ನೋ ಅಂಗರಚನಾ ಪ್ರೊಫೆಸರ್ ತಾಯಿ ಮಕ್ಕಳ ಆರೋಗ್ಯದ ಇಡೀ ವ್ಯವಸ್ಥೆ ಕಟ್ಟಿದ್ರು, ಹುಟ್ಟಿದ ಪ್ರತಿ ಮಗುವಿಗೂ ಬಟ್ಟೆಯ ಒಂದು ಪೊಟ್ಟಣ ಊರಿನ ಕಡೆಯಿಂದ, ಬಡವರು ಶ್ರೀಮಂತರು ಅನ್ನೋ ಭೇದ ಇಲ್ದೇ.

1934ರ ಫೆಬ್ರವರಿ 12ಕ್ಕೆ ಚಾನ್ಸಲರ್ ಡಾಲ್‌ಫುಸ್ ಸರ್ಕಾರದ ಸೈನ್ಯ ಅದೇ ಕಟ್ಟಡಗಳ ಮೇಲೆ ಫಿರಂಗಿ ಹಾರಿಸ್ತು, ಮೇಯರ್ ಕಾರ್ಲ್ ಸೈಟ್ಸ್‌ನ ಅರೆಸ್ಟ್ ಮಾಡಿದ್ರು, ಪಾರ್ಟಿಯನ್ನೇ ನಿಷೇಧಿಸಿದ್ರು. ಹಾಗಾಗಿ ನಿರಂತರವಾಗಿ ಒಂದೇ ಪಾರ್ಟಿ ಅನ್ನೋ ಹಾಗಿಲ್ಲ, 1934ರಿಂದ 45ರವರೆಗೆ ಎಲೆಕ್ಷನ್ನೇ ಇಲ್ಲ. 1945ರಲ್ಲಿ ಸೋವಿಯತ್ ಸೈನ್ಯ ಊರು ಹಿಡಿದ್ಮೇಲೆ ತಿಯೋಡೋರ್ ಕೋರ್ನರ್‌ನಿಂದ ಶುರುವಾಗಿ ಇವತ್ತಿನ ಮೈಕೇಲ್ ಲುಡ್ವಿಗ್‌ವರೆಗೆ ಮೇಯರ್‌ಗಳೆಲ್ಲಾ ಆ ಪಾರ್ಟಿಯೋರೇ. ಪೂರ್ತಿ ಬಹುಮತ ಈಗಿಲ್ಲ, 2010ರಿಂದ 20ರವರೆಗೆ ಗ್ರೀನ್ಸ್ ಪಾರ್ಟಿ ಜೊತೆ, ಆಮೇಲೆ ನಿಯೋಸ್ ಅನ್ನೋ ಉದಾರವಾದಿ ಪಾರ್ಟಿ ಜೊತೆ ಸೇರಿ ನಡೆಸ್ತಿದ್ದಾರೆ, ಬಲಪಂಥೀಯ ಫ್ರೀಡಂ ಪಾರ್ಟಿ 2015ರಲ್ಲಿ 30 ಪರ್ಸೆಂಟ್ ದಾಟಿತ್ತು. ಆದ್ರೂ ಉಳ್ಕೊಂಡಿದ್ದು ಯಾಕೆ ಅಂದ್ರೆ ಮನೆ. ಈಗ್ಲೂ ಊರಿನ ಸ್ವಂತ ಬಾಡಿಗೆ ಮನೆಗಳು ಸುಮಾರು 2 ಲಕ್ಷದ 20 ಸಾವಿರ, ಸಬ್ಸಿಡಿ ಇರೋ ಸೊಸೈಟಿ ಮನೆಗಳನ್ನೂ ಸೇರಿಸಿದ್ರೆ ಊರಿನ ಅರ್ಧದಷ್ಟು ಜನ ಅಂಥ ಮನೆಗಳಲ್ಲೇ ಇದಾರೆ. ಆದಾಯದ ಮಿತಿ ಬಹಳ ಮೇಲಿದೆ, ಟೀಚರ್ರು, ನರ್ಸು, ಟ್ರಾಮ್ ಡ್ರೈವರ್ರು, ಆಫೀಸ್ ಕ್ಲರ್ಕು ಎಲ್ಲಾ ಒಂದೇ ಮೆಟ್ಟಿಲು ಹತ್ತಿ ಹೋಗ್ತಾರೆ. ಇದು ಬಡವರ ಕೇರಿ ಅಂತ ಮುದ್ರೆ ಬೀಳ್ಲಿಲ್ಲ, ಅದಕ್ಕೇ ಅದನ್ನ ಕೀಳೋ ಧೈರ್ಯ ಯಾರಿಗೂ ಬರ್ಲಿಲ್ಲ.

ನದಿಮೂಲ:

ನದಿ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಬರೀತಿದೀನಿ. ಹಳೇ ವಿಯೆನ್ನಾ ಡ್ಯಾನ್ಯೂಬ್‌ನ ಮುಖ್ಯ ಹರಿವಿನ ಮೇಲೆ ಇರ್ಲೇ ಇಲ್ಲ, ಒಂದು ಪಕ್ಕದ ಕವಲಿನ ದಡದಲ್ಲಿತ್ತು, ಅದನ್ನೇ ಈಗ ಡ್ಯಾನ್ಯೂಬ್ ಕೆನಾಲ್ ಅಂತಾರೆ. ದೊಡ್ಡ ನದಿ ಪೂರ್ವಕ್ಕೆ ಹತ್ತಾರು ಕವಲಾಗಿ, ನಡುಗಡ್ಡೆಗಳ ಮಧ್ಯೆ ಹರೀತಿತ್ತು, ಪ್ರವಾಹ ಬಂದಾಗೆಲ್ಲಾ ದಾರಿ ಬದಲಾಯಿಸ್ತಿತ್ತು. 1830ರಲ್ಲಿ, 1862ರಲ್ಲಿ ಭಾರೀ ಪ್ರವಾಹ ಬಂದ್ಮೇಲೆ 1870ರಿಂದ 75ರವರೆಗೆ ನದಿಗೆ ನೇರವಾದ ಹೊಸ ಪಾತ್ರ ತೋಡಿದ್ರು, ಸೂಯೆಜ್ ಕಾಲುವೆ ತೋಡಿದ ಫ್ರೆಂಚ್ ಕಂಟ್ರಾಕ್ಟರ್‌ಗಳೇ ಮಷೀನು ತಂದು ಇಲ್ಲೂ ಕೆಲಸ ಮಾಡಿದ್ರು. ಅದೂ ಸಾಕಾಗ್ಲಿಲ್ಲ, 1954ರಲ್ಲಿ ಮತ್ತೆ ದೊಡ್ಡ ಪ್ರವಾಹ. 1972ರಿಂದ 88ರವರೆಗೆ ಪಕ್ಕದಲ್ಲೇ ಸಮಾನಾಂತರವಾಗಿ ಇನ್ನೊಂದು ಪಾತ್ರ ತೋಡಿ, ಆ ಮಣ್ಣಲ್ಲೇ ಮಧ್ಯೆ 21 ಕಿಲೋಮೀಟರ್ ಉದ್ದದ ದ್ವೀಪ ಮಾಡಿದ್ರು. ಮಾಮೂಲಿ ದಿನದಲ್ಲಿ ಹೊಸ ಪಾತ್ರ ನಿಂತ ಕೆರೆ ಥರ, ಜನ ಈಜ್ತಾರೆ, ನೀರು ಏರಿದಾಗ ಗೇಟು ತೆಗೆದು ಅದಕ್ಕೆ ಬಿಡ್ತಾರೆ.

ಜನಸಂಖ್ಯೆಗೆ ಸಂಬಂಧ ಏನಂದ್ರೆ, ಪ್ರವಾಹದ ಭಯ ಹೋದ್ಮೇಲೇ ಆಚೆ ದಡ ದೊಡ್ಡದಾಗಿ ತುಂಬೋಕೆ ಸಾಧ್ಯ ಆಗಿದ್ದು. 1979ರಲ್ಲಿ ವಿಶ್ವಸಂಸ್ಥೆಯ ಕಟ್ಟಡಗಳು ಅಲ್ಲಿ ಬಂದ್ವು, 1978ರಿಂದ ಓಡ್ತಿರೋ ಮೆಟ್ರೋ ಆಮೇಲೆ ನದಿ ದಾಟ್ತು. ಈಗ ಊರಿನ ಬೆಳವಣಿಗೆಯ ದೊಡ್ಡ ಪಾಲು ಆ ಕಡೆಯ 21, 22ನೇ ಜಿಲ್ಲೆಗಳಲ್ಲೇ, ಆಸ್ಪರ್ನ್‌ನ ಹಳೇ ವಿಮಾನ ನಿಲ್ದಾಣದ ಜಾಗದಲ್ಲಿ ಹೊಸ ಬಡಾವಣೆಯೇ ಏಳ್ತಾ ಇದೆ. 1809ರಲ್ಲಿ ನೆಪೋಲಿಯನ್ ಸೋತ ಆಸ್ಪರ್ನ್ ಯುದ್ಧ ನಡೆದಿದ್ದೂ ಆ ಬಯಲಲ್ಲೇ.

ನಕ್ಷೆಪ್ರಿಯ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಸಿಗುತ್ತೆ ಅಂತ ಅನ್ಕೊಂಡಿರ್ಲಿಲ್ಲ. ಇನ್ನೊಂದೇ ಒಂದು, 1951ರಲ್ಲಿ 16 ಲಕ್ಷ, ಶಾಂತಿ ಬಂದ್ಮೇಲೂ ಚೇತರಿಸ್ಕೊಳ್ದೇ 1981ಕ್ಕೆ ಇನ್ನೂ ಇಳಿದಿದ್ದು ಯಾಕೆ, ಮತ್ತೆ ಏರಿದ್ದು ಯಾರಿಂದ?

ಸುಮಾ_ಓದು:

1945ರಿಂದ 55ರವರೆಗೆ ಊರು ಯುದ್ಧ ಗೆದ್ದ ನಾಲ್ಕು ದೇಶಗಳ ಸೈನ್ಯಗಳ ಕೈಯಲ್ಲಿ ಹಂಚಿ ಹೋಗಿತ್ತು, ಹಳೇ ಊರನ್ನ ಮಾತ್ರ ತಿಂಗಳಿಗೊಬ್ರಂತೆ ಸರದಿ ಮೇಲೆ ನೋಡ್ಕೊಳ್ತಿದ್ರು. 1955ರ ಮೇ 15ಕ್ಕೆ ಬೆಲ್ವೆಡೇರ್ ಅರಮನೆಯಲ್ಲಿ ಒಪ್ಪಂದ ಆಗಿ ಸೈನ್ಯಗಳು ಹೋದ್ವು, ಆದ್ರೆ ಕಬ್ಬಿಣದ ಪರದೆ, ಅಂದ್ರೆ ಕಮ್ಯುನಿಸ್ಟ್ ದೇಶಗಳ ಮುಚ್ಚಿದ ಗಡಿ, ಒಂದು ಗಂಟೆ ದಾರಿಯಲ್ಲೇ ಇತ್ತು, ಅದರಾಚೆಯ ಬ್ರಾಟಿಸ್ಲಾವಾ 60 ಕಿಲೋಮೀಟರೂ ಇಲ್ಲ. ಹಿಂದೆ ಜನ ಬರ್ತಿದ್ದ ಉತ್ತರ, ಪೂರ್ವದ ದಾರಿಗಳೆಲ್ಲಾ ಮುಚ್ಚಿ ಹೋದ್ವು. ಬ್ಯಾಂಕು, ಫ್ಯಾಕ್ಟರಿ ಪಶ್ಚಿಮಕ್ಕೆ, ಸಾಲ್ಸ್‌ಬರ್ಗ್ ಲಿಂಟ್ಸ್ ಕಡೆಗೆ ಸರಿದ್ವು. ಊರಲ್ಲಿ ಉಳಿದಿದ್ದು ವಯಸ್ಸಾದೋರು, ದಶಕಗಳ ಕಾಲ ಹುಟ್ಟಿಗಿಂತ ಸಾವೇ ಜಾಸ್ತಿ. 1964ರಲ್ಲಿ ಟರ್ಕಿ ಜೊತೆ, 1966ರಲ್ಲಿ ಯುಗೊಸ್ಲಾವಿಯಾ ಜೊತೆ ಕೆಲಸಗಾರರ ಒಪ್ಪಂದ ಮಾಡ್ಕೊಂಡಿದ್ದರಿಂದ ಇಳಿಕೆ ಸ್ವಲ್ಪ ತಗ್ತು ಅಷ್ಟೇ. ತಿರುವು ಬಂದಿದ್ದು 1989ರಲ್ಲಿ ಗಡಿ ತೆರೆದ್ಮೇಲೆ, ಆಮೇಲೆ ಬಾಸ್ನಿಯಾ ಯುದ್ಧದಿಂದ ಓಡಿ ಬಂದೋರು, 2004ರ ನಂತರ ಪೋಲೆಂಡ್, ಹಂಗೇರಿ, ಸ್ಲೊವಾಕಿಯಾದೋರು, ಜರ್ಮನಿಯೋರು, 2015ರಲ್ಲಿ ಸಿರಿಯಾ, ಅಫ್ಘಾನಿಸ್ತಾನ, 2022ರಲ್ಲಿ ಉಕ್ರೇನ್.

ಆದ್ರೆ ವೋಟಿನ ವಿಷಯ ಮತ್ತೆ ಗಂಟಾಗಿದೆ. ಈಗ ಊರಲ್ಲಿ ವೋಟಿನ ವಯಸ್ಸಾಗಿರೋರ ಪೈಕಿ ಸುಮಾರು ಮೂರರಲ್ಲೊಂದು ಭಾಗ ಜನಕ್ಕೆ ಸಿಟಿ ಕೌನ್ಸಿಲ್ ಎಲೆಕ್ಷನ್‌ನಲ್ಲಿ ವೋಟಿಲ್ಲ, ಯಾಕಂದ್ರೆ ಪೌರತ್ವ ಇಲ್ಲ, ಪೌರತ್ವಕ್ಕೆ ಸಾಮಾನ್ಯವಾಗಿ 10 ವರ್ಷ ಇದ್ದಿರ್ಬೇಕು, ಆದಾಯ ತೋರಿಸ್ಬೇಕು, ಹಳೇ ದೇಶದ ಪೌರತ್ವ ಬಿಡ್ಬೇಕು. ಲುಯೇಗರ್ ಕಾಲದಲ್ಲಿ ಊರು ಕಟ್ಟಿದ ಕೂಲಿಗಳಿಗೆ ವೋಟು ಇರ್ಲಿಲ್ಲ, ಈಗ ಬಸ್ ಓಡಿಸೋರು, ಆಸ್ಪತ್ರೆ ಗುಡಿಸೋರು, ಮುದುಕರನ್ನ ನೋಡ್ಕೊಳ್ಳೋರು ಎಷ್ಟೋ ಜನಕ್ಕೆ ಇಲ್ಲ. ಇದು ನನಗೆ ನಿಜವಾಗ್ಲೂ ಅನ್ಯಾಯ ಅನ್ಸುತ್ತೆ.

ಟ್ರಾಮ್_ಪ್ರಯಾಣಿಕ:

ಸುಮಾ ಅವ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಯುರೋಪಿಯನ್ ಯೂನಿಯನ್‌ನ ಬೇರೆ ದೇಶದೋರಿಗೆ ಲೋಕಲ್ ಎಲೆಕ್ಷನ್‌ನಲ್ಲಿ ವೋಟು ಇರ್ಬೇಕು ಅಂತ ನಿಯಮ ಇದೆ, ಆದ್ರೆ ವಿಯೆನ್ನಾ ಕೌನ್ಸಿಲ್ ರಾಜ್ಯದ ಶಾಸನಸಭೆಯೂ ಹೌದು. ಹಾಗಾಗಿ ಅಲ್ಲಿ ಪೋಲೆಂಡಿನೋರು, ಜರ್ಮನಿಯೋರು ಜಿಲ್ಲಾ ಮಂಡಳಿಗೆ ಮಾತ್ರ ವೋಟು ಹಾಕ್ಬಹುದು, ಕೌನ್ಸಿಲ್‌ಗೆ ಇಲ್ಲ. ಇದೇ ಜನ ಗ್ರಾಟ್ಸ್‌ನಲ್ಲೋ ಲಿಂಟ್ಸ್‌ನಲ್ಲೋ ಇದ್ದಿದ್ರೆ ಊರಿನ ಕೌನ್ಸಿಲ್‌ಗೇ ವೋಟು ಹಾಕ್ತಿದ್ರು. 1922ರಲ್ಲಿ ಮನೆ ಕಟ್ಟೋಕೆ ತೆರಿಗೆಯ ಅಧಿಕಾರ ಕೊಟ್ಟ ಅದೇ ರಾಜ್ಯದ ಸ್ಥಾನಮಾನ ಈಗ ಇವರ ವೋಟಿಗೆ ಅಡ್ಡ ಬಂದಿದೆ. ರುಡಾಲ್ಫ್ಸ್‌ಹೈಮ್ ಫ್ಯೂನ್‌ಫ್‌ಹೌಸ್ ಅನ್ನೋ 15ನೇ ಜಿಲ್ಲೆಯಲ್ಲಿ ಕೌನ್ಸಿಲ್‌ಗೆ ವೋಟಿಲ್ಲದೋರು 40 ಪರ್ಸೆಂಟ್‌ಗೂ ಜಾಸ್ತಿ. ಇದನ್ನ ಸರಿ ಮಾಡ್ಬೇಕು ಅಂದ್ರೆ ಪೌರತ್ವದ ಕಾನೂನೋ ಸಂವಿಧಾನವೋ ಬದಲಾಗ್ಬೇಕು, ಎರಡೂ ದೇಶದ ಪಾರ್ಲಿಮೆಂಟಿನ ಕೈಯಲ್ಲಿವೆ, ವಿಯೆನ್ನಾ ಊರಿನ ಕೈಯಲ್ಲಿಲ್ಲ.